ಕಡಲಂಚಿನ ಮರಳ ದಿಬ್ಬಗಳು: ಪ್ರಕೃತಿಯ ರಚನೆ, ಮಾನವನ ಹಸ್ತಕ್ಷೇಪ

ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲು ಸೀಮೆಯಲ್ಲಿ ಬಾಳುವ ನಾವು ಸಮುದ್ರದಿಂದ ದೂರವಿರುವವರು. ಆದರೂ ನಮ್ಮ ಹಳೆಯ ಮನೆಗಳ ಮೇಲಣ ಮಂಗಳೂರು ಹಂಚು ಕರಾವಳಿಯೊಡನೆ ನಮಗಿರುವ ನಂಟನ್ನು ಸಾರುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ ನದೀತೀರದ ಜೇಡಿಮಣ್ಣೇ ಅದಕ್ಕೆ ಆಧಾರವಾಯಿತು. ಅಲ್ಲಿಯ ನೇತ್ರಾವತಿ ಮತ್ತು ಗುರುಪುರ ನದಿಗಳು ಮಣ್ಣಿನೊಡನೆ ಮರಳನ್ನೂ ಹೊತ್ತು ತಂದವು. ಆ ಮರಳು ಅಳಿವೆಯ ಬಾಯಲ್ಲಿ ನೆಲವಾಗಿ ನಿಂತಿತು.

ನದಿಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡಿರುವ ಇಂತಹ ಮರಳ ಪಟ್ಟಿಗೆ ಕರಾವಳಿಯ ಜನರು ಬೆಂಗ್ರೆ ಎನ್ನುವರು. ಮಂಗಳೂರಿನ ತೋಟಬೆಂಗ್ರೆ, ಕಸಬಾ ಬೆಂಗ್ರೆ, ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವೆಡೆಯ ಕೋಡಿಬೆಂಗ್ರೆ ಇವೆಲ್ಲವೂ ಈ ಬಗೆಯವು. ಒಂದು ತುದಿ ಭೂಮಿಗೆ ಅಂಟಿಕೊಂಡಿದ್ದರೆ ಅದು ಮರಳ ನಾಲಗೆ; ಸುತ್ತಲೂ ನೀರಿದ್ದರೆ ತಡೆದ್ವೀಪ. ಹಿಮಯುಗವು ಮುಗಿದು, ಏರುತ್ತಿದ್ದ ಸಮುದ್ರವು ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆ ಬಹುಮಟ್ಟಿಗೆ ನೆಲೆನಿಂತ ಮೇಲೆ ಲೋಕದ ಬಹುತೇಕ ಮರಳ ದಿಬ್ಬಗಳು ಈಗಿನ ರೂಪವನ್ನು ತಳೆದವು. ಮಳೆಗಾಲದ ಉಗ್ರ ಅಲೆಗಳು ದಂಡೆಯ ಮರಳನ್ನು ಒಳಗೆಳೆದುಕೊಳ್ಳುತ್ತವೆ. ಬೇಸಗೆಯ ಸೌಮ್ಯ ಅಲೆಗಳು ಅದನ್ನು ಹಿಂದಿರುಗಿಸುತ್ತವೆ. ಹೀಗೆ ಸರಿಯುತ್ತಲೇ ಇರುವುದರಿಂದ ಅದು ಉಳಿದಿದೆ. ಬಂಡೆಯು ಅಲೆಯನ್ನು ಎದುರಿಸುತ್ತದೆ. ಮರಳು ಅದಕ್ಕೆ ಮಣಿದು ಬದುಕುತ್ತದೆ.

ಮಾನವನಾದರೋ ಸ್ಥಿರತೆಯನ್ನು ಬಯಸುವವನು. ಬೆಂಗ್ರೆಯ ಮರೆಯಲ್ಲಿರುವ ಮಂಗಳೂರಿನ ಹಳೆ ಬಂದರಿಗೆ ಶತಮಾನಗಳಿಂದ ಹಡಗುಗಳು ಬಂದಿವೆ. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಸ್ಥಾಪಿತವಾದ ರೊಸಾರಿಯೊ ದೇವಾಲಯವಿರುವುದೂ ಈ ಬಂದರಿನ ಸಮೀಪದಲ್ಲೇ. ಆದರೆ ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗುಗಳಿಗೆ ಅಡ್ಡಿಯಾಗುತ್ತಿತ್ತು. ಪಣಂಬೂರಿನಲ್ಲಿ ನೆಲವನ್ನು ತೋಡಿ ನಿರ್ಮಿಸಿದ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1990ರ ದಶಕದಲ್ಲಿ ಹಳೆ ಅಳಿವೆಯ ಇಕ್ಕೆಲಗಳಲ್ಲೂ ಕಲ್ಲಿನ ಅಲೆತಡೆಗೋಡೆಗಳು ಎದ್ದವು. ಮೀನುಗಾರರ ದೋಣಿಗಳಿಗೆ ದಾರಿ ಸುಗಮವಾಯಿತು. ಆದರೆ ಬೆಂಗ್ರೆಯ ಕಡೆ ಮರಳು ಸೇರುತ್ತ ಬಂದರೆ, ದಕ್ಷಿಣದ ಉಳ್ಳಾಲದಲ್ಲಿ ಕಡಲ್ಕೊರೆತ ತೀವ್ರವಾಗಿ ಮನೆಗಳೂ ತೆಂಗಿನ ಮರಗಳೂ ಸಮುದ್ರದ ಪಾಲಾದವು. 2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು. ಒಬ್ಬರ ಅನುಕೂಲವು ನೆರೆಯವರ ಅಂಗಳವನ್ನು ಕೊರೆಯಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಗ್ಯಾಲ್ವೆಸ್ಟನ್ ತಡೆದ್ವೀಪದ ಕಥೆ ಇನ್ನೂ ಘೋರವಾದುದು. ಆ ನಗರದವರು ದಡದ ಮರಳುಗುಡ್ಡೆಗಳನ್ನು ಸವರಿ ತಗ್ಗು ನೆಲಗಳನ್ನು ತುಂಬಿದ್ದರು. 1900ರ ಸೆಪ್ಟೆಂಬರ್ 8ರಂದು ಚಂಡಮಾರುತವು ಅಪ್ಪಳಿಸಲು ಸುಮಾರು 8,000 ಮಂದಿ ಮಡಿದರು. ಕಡಲತೀರದಲ್ಲಿದ್ದ ಸಂತ ಮರಿಯಮ್ಮನವರ ಅನಾಥಾಲಯದ ಧರ್ಮಭಗಿನಿಯರು ಮಕ್ಕಳನ್ನು ಹಗ್ಗದಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತು ಮಂದಿ ಭಗಿನಿಯರೂ ತೊಂಬತ್ತು ಮಕ್ಕಳೂ ಜೊತೆಯಾಗಿಯೇ ಅಸುನೀಗಿದರು. ಮೂವರು ಹುಡುಗರು ಮಾತ್ರ ಬದುಕುಳಿದರು. 1902ರಿಂದ 1904ರವರೆಗೆ ಅಲ್ಲಿ ಬೃಹತ್ ಗೋಡೆಯನ್ನು ಕಟ್ಟಲಾಯಿತು. ಅದು ನಗರವನ್ನು ಕಾಯಿತು. ಆದರೆ ಗೋಡೆಯ ಮುಂದಿನ ಮರಳ ದಂಡೆ ಸವೆದುಹೋಯಿತು.

ಇದೆಲ್ಲ ಒಳನಾಡಿನವರಾದ ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ವರದಾ, ಕುಮುದ್ವತಿಗಳು ಪೂರ್ವಾಭಿಮುಖವಾಗಿ ಹರಿದು ತುಂಗಭದ್ರೆಯನ್ನು ಕೂಡುತ್ತವೆ. ಆಕೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಸಾಗುತ್ತಾಳೆ. ಆ ಮುಖಜಭೂಮಿಯ ಮರಳ ದಿಬ್ಬಗಳಿಗೆ ನಮ್ಮ ಹೊಲಗಳ ಮಣ್ಣೂ ಒಂದು ಕಾಲಕ್ಕೆ ಸಂದಿದೆ. ಈಗ ಅದರ ಬಹುಪಾಲು ಹೊಸಪೇಟೆಯ ಅಣೆಕಟ್ಟಿನಲ್ಲೇ ತಂಗುತ್ತದೆ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 105ಕ್ಕೆ ಇಳಿದಿದೆ. ಮೇಲೆ ಹೊಲದ ಸಾರ ಹೋಯಿತು, ನಡುವೆ ಜಲಾಶಯ ತುಂಬಿತು, ಕೆಳಗೆ ಕಡಲ ದಂಡೆಗೆ ಮಣ್ಣು ದಕ್ಕದಾಯಿತು.

ಆದುದರಿಂದ ಹೊಲಕ್ಕೆ ಬದು ಹಾಕುವುದು, ಕೆರೆಯ ಹೂಳೆತ್ತುವುದು, ಹೊಳೆಯ ಮರಳನ್ನು ಮಿತವಾಗಿ ಬಳಸುವುದು ನಮ್ಮ ಊರಿನ ಹಿತಕ್ಕಷ್ಟೇ ಸೀಮಿತವಾದ ಕಾರ್ಯಗಳಲ್ಲ. ನಾವು ಕಾಣದ ತೀರದಲ್ಲಿ ವಾಸಿಸುವ ನೆರೆಯವರಿಗೂ ಅವು ಸಲ್ಲುತ್ತವೆ. ಸೃಷ್ಟಿಯು ನಮಗೆ ಒಪ್ಪಿಸಲ್ಪಟ್ಟ ನಿಕ್ಷೇಪವೆಂದು ನಂಬುವ ನಾವು ಅದರ ನಡೆಯನ್ನು ಅರಿತು ನಡೆದುಕೊಳ್ಳುವುದೇ ವಿಹಿತ.