ಮುಗಿದ ಧಾರಾವಾಹಿಯ ಮುಂದಿನ ಕಂತು

ಸಂಜೆ ನಾಲ್ಕೂವರೆ ಎಂಬುದು ಬೋರನಕಣಿವೆಯ ಸುತ್ತಲಿನ ತೋಟದ ಊರುಗಳಲ್ಲಿ ಕೆಲಸ ನಿಲ್ಲಿಸುವ ಹೊತ್ತೇನಲ್ಲ. ಕಾಯಿ ಸುಲಿಯುವುದು ಮುಗಿದಿರುವುದಿಲ್ಲ, ಹಾಲು ಕರೆಯುವ ಹೊತ್ತೂ ಆಗಿರುವುದಿಲ್ಲ. ಆದರೆ 1998ರಲ್ಲಿ ಆ ಹೊತ್ತಿಗೆ ಅಂಗಳಗಳು ಖಾಲಿಯಾಗುತ್ತಿದ್ದವಂತೆ. ದೂರದರ್ಶನದ ಕನ್ನಡ ವಾಹಿನಿಯಲ್ಲಿ ‘ಮಾಯಾಮೃಗ’ ಬರುತ್ತಿದ್ದ ಸಮಯವದು. ನಾನು ಹುಟ್ಟುವ ಮುಂಚಿನ ಮಾತು, ಹೇಳಿದವರು ನಮ್ಮಜ್ಜಿ. ‘ಕರೆಂಟು ಹೋದ ದಿನ ಲೈನ್‌ಮನ್‌ಗೆ ಬೈಗುಳ ತಪ್ಪುತ್ತಿರಲಿಲ್ಲ ಕಣೋ. ಮರುದಿನ ಹುಳಿಯಾರು ಸಂತೆಗೆ ಹೋದೋರನ್ನ ಹಿಡಿದು, ನಿನ್ನೆ ಏನಾಯ್ತು ಅಂತ ಕೇಳ್ತಿದ್ವಿ’ ಎನ್ನುತ್ತಾರೆ.

ಕಥೆ ಮುಂದೇನಾಯಿತು ಎಂಬ ಈ ಚಡಪಡಿಕೆಗೆ ಟಿ.ವಿ. ಜಗತ್ತಿನಲ್ಲಿ ದೊಡ್ಡ ಇತಿಹಾಸವೇ ಇದೆ. 1988ರ ಜುಲೈ 31ರಂದು ರಮಾನಂದ ಸಾಗರ್ ಅವರ ‘ರಾಮಾಯಣ’ ಪಟ್ಟಾಭಿಷೇಕದೊಂದಿಗೆ ಮುಗಿಯಿತು. ಲವಕುಶರ ಕಥೆಯೂ ಬೇಕೆಂದು ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಮುಷ್ಕರವನ್ನೇ ಹೂಡಿದರು. ಅದೇ ವರ್ಷ ‘ಉತ್ತರ ರಾಮಾಯಣ’ ಶುರುವಾಯಿತು. ಮುಂದುವರಿದ ಭಾಗವನ್ನು ವೀಕ್ಷಕ ಹಟ ಹಿಡಿದು ಪಡೆದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ.

ಆಗ ದೂರದರ್ಶನದ ಸಾಪ್ತಾಹಿಕ ಧಾರಾವಾಹಿಗಳಿಗೆ ಹದಿಮೂರು ಕಂತುಗಳ ಲೆಕ್ಕವಿತ್ತು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ 39 ಕಂತು, ಅಂದರೆ ಹದಿಮೂರರ ಮೂರು ಪಟ್ಟು. 1990ರಲ್ಲಿ ಶಂಕರ್ ತೀರಿಕೊಂಡರು. ಬಹಳ ವರ್ಷಗಳ ನಂತರ ಕವಿತಾ ಲಂಕೇಶ್ ಇನ್ನಷ್ಟು ಕಂತುಗಳನ್ನು ನಿರ್ದೇಶಿಸಿ, 2006ರಲ್ಲಿ ಅವು ಪ್ರಸಾರವಾದವು. ಆದರೂ ಜನ ಇಂದಿಗೂ ನೆನೆಯುವುದು ಮಾಸ್ಟರ್ ಮಂಜುನಾಥ್ ಅವರ ಸ್ವಾಮಿಯನ್ನೇ. ಹೊಸ ಕಂತುಗಳಲ್ಲಿ ಲೋಪವಿತ್ತೆಂದಲ್ಲ. ಮೊದಲು ನೋಡಿದ ಮುಖ ಮನಸ್ಸಿನಿಂದ ಕದಲುವುದಿಲ್ಲ, ಅಷ್ಟೆ.

‘ಮಾಯಾಮೃಗ’ದ ಪ್ರಕರಣ ಇದಕ್ಕಿಂತ ಕುತೂಹಲಕರ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಶೀರ್ಷಿಕೆ ಗೀತೆ ಎಚ್.ಎಸ್. ವೆಂಕಟೇಶಮೂರ್ತಿಯವರದು, ಸಂಗೀತ ಸಿ. ಅಶ್ವಥ್ ಅವರದು. ಮಧ್ಯಮ ವರ್ಗದ ಮನೆಗಳ ಸಾಲ, ನೌಕರಿ, ಮದುವೆ, ಮಾನದ ಪ್ರಶ್ನೆಗಳೇ ಅದರ ಬಂಡವಾಳ. ಮುಂದೆ ಖಾಸಗಿ ವಾಹಿನಿಗಳು ಬಲಿತಾಗ ಸೀತಾರಾಂ ‘ಮುಕ್ತ’ ಮಾಡಿದರು, ಅದರ ಹೆಸರನ್ನೇ ಇಮ್ಮಡಿಸಿ ‘ಮುಕ್ತ ಮುಕ್ತ’ ಮಾಡಿದರು, 2018ರಲ್ಲಿ ‘ಮಗಳು ಜಾನಕಿ’ ತಂದರು. ಅವರೇ ಅಭಿನಯಿಸಿದ ವಕೀಲ ಸಿ.ಎಸ್.ಪಿ. ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಕೋಟು ತೊಟ್ಟುಕೊಂಡೇ ನಡೆದು ಬಂದರು. ನಮ್ಮ ಕಡೆ ಆಸ್ತಿ ಪಾಲಿನ ಜಗಳ ಬಂದಾಗ ‘ಸಿ.ಎಸ್.ಪಿ. ಇದ್ದಿದ್ರೆ’ ಎಂದು ನಗೆಯಾಡುವವರನ್ನು ನಾನೇ ಕೇಳಿದ್ದೇನೆ.

2022ರ ಅಕ್ಟೋಬರ್ ಕೊನೆಗೆ, ಅದೇ ಮೂವರ ನಿರ್ದೇಶನದಲ್ಲಿ, ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಶುರುವಾಯಿತು. ಹಳೆಯ ಪಾತ್ರಗಳು ಎರಡು ದಶಕ ದಾಟಿ, ಮುಂದಿನ ತಲೆಮಾರಿನೊಂದಿಗೆ ಬಂದವು. ಅಜ್ಜಿಗೆ ಕಂತುಗಳನ್ನು ಮೊಬೈಲಿನಲ್ಲಿ ಹಾಕಿಕೊಡುವ ಕೆಲಸ ನನ್ನದಾಗಿತ್ತು. ಒಂದು ವಾರ ನೋಡಿದ ಮೇಲೆ ಅವರ ತೀರ್ಪು ಹೀಗೆ ಬಂತು: ‘ಅವರಿಗೂ ಕೂದಲು ನೆರೆತಿದೆ, ನನಗೂ ನೆರೆತಿದೆ. ಚೆನ್ನಾಗೈತೆ. ಆದ್ರೆ ಆಗ ನೋಡೋಕೆ ಜೊತೇಲಿ ಹದಿನೈದು ಜನ ಇರೋರು.’ ಆ ಹದಿನೈದರಲ್ಲಿ ಅರ್ಧ ಜನ ಈಗಿಲ್ಲ. ಉಳಿದವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕಥೆಯನ್ನು ಮುಂದುವರಿಸಬಹುದು, ಜಗುಲಿಯನ್ನು ಹೇಗೆ ಮುಂದುವರಿಸುವುದು?

ಈ ಸೀಮೆಯದೇ ಕಥೆಯೊಂದಕ್ಕೆ ಮಾತ್ರ ಅಜ್ಜಿ ಮುಂದಿನ ಭಾಗ ಬೇಡವೆನ್ನುತ್ತಾರೆ. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿ ‘ಗೃಹಭಂಗ’ ತಿಪಟೂರು, ಚನ್ನರಾಯಪಟ್ಟಣಗಳ ತೆಂಗಿನ ನಾಡಿನದು. ಗಿರೀಶ ಕಾಸರವಳ್ಳಿ ಅದನ್ನು ಈಟಿವಿಗೆ ಧಾರಾವಾಹಿಯಾಗಿಸಿದರು. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎತ್ತುವ ನಂಜಮ್ಮನಾಗಿ ಮಾಳವಿಕಾ ಬಂದರು. ನಂಜಮ್ಮ ಪ್ಲೇಗಿಗೆ ಬಲಿಯಾಗುತ್ತಾಳೆ. ‘ಮುಂದಿಂದು ನಮಗೆಲ್ಲ ಗೊತ್ತೇ ಐತಲ್ಲ, ಮತ್ಯಾಕೆ ತೋರಿಸೋದು’ ಎಂಬುದು ಅಜ್ಜಿಯ ವಾದ. ಪ್ಲೇಗಿನಲ್ಲಿ ಊರು ಬಿಟ್ಟು ಗುಡಿಸಲು ಹಾಕಿದ್ದನ್ನು ಅವರು ತಮ್ಮ ಅಮ್ಮನ ಬಾಯಿಂದ ಕೇಳಿದವರು.

ಹಾಗೆ ನೋಡಿದರೆ ಅದರ ಮುಂದಿನ ಭಾಗ ಧಾರಾವಾಹಿಗೂ ಮೊದಲೇ ಬಂದಿತ್ತು. ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಭೈರಪ್ಪ 1996ರಲ್ಲಿ ಆತ್ಮಕಥೆ ‘ಭಿತ್ತಿ’ಯನ್ನು ಪ್ರಕಟಿಸಿದ್ದರು. ‘ಗೃಹಭಂಗ’ ಓದಿದವರಿಗೆ, ಅನಾಥನಾದ ಹುಡುಗ ಹೇಗೆ ಬದುಕಿದ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪ ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಅಜ್ಜಿ ಕೊಬ್ಬರಿ ಅಟ್ಟದ ಕೆಳಗೆ ಕೂತಿದ್ದರು. ‘ನಂಜಮ್ಮನ ಮಗ ಹೋದ’ ಎಂದರು.