ಪರಂಗಿ ಮತ್ತು ಬಸಿರು: ಇಲಿಗಳ ಮೇಲಿನ ಪರೀಕ್ಷೆ ಹೇಳುವುದೇನು?

ಬಸುರಿಯರು ಪರಂಗಿ ತಿನ್ನಬಾರದೆಂಬ ಮಾತು ಗಡಿಯ ಎರಡೂ ಬದಿ ಇದೆ. ಕಾಸರಗೋಡಿನ ಕಡೆ ಅದು ಬಪ್ಪಂಗಾಯಿ, ಮಡಕಶಿರಾದ ತೆಲುಗಿನಲ್ಲಿ ಬೊಪ್ಪಾಯಿ, ಅಕ್ಕಲಕೋಟೆಯ ಮರಾಠಿಯಲ್ಲಿ ಪಪಈ.

ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಇಲಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಗಿದ ಹಣ್ಣಿನ ರಸ ಕುಡಿದ ಗರ್ಭಿಣಿ ಇಲಿಗಳಿಗೂ ಬರೀ ನೀರು ಕುಡಿದವಕ್ಕೂ ಜೀವಂತ ಭ್ರೂಣಗಳ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಾಯಿಯನ್ನು ಗೀರಿದಾಗ ಒಸರುವ ಬಿಳಿ ಹಾಲಿನ ಕಥೆಯೇ ಬೇರೆ. ಇಲಿಯ ದೇಹದಿಂದ ಬೇರ್ಪಡಿಸಿದ ಗರ್ಭಕೋಶಕ್ಕೆ ಅದು ತಗುಲಿದಾಗ, ಹೆರಿಗೆ ನೋವು ಬರಿಸಲು ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್‌ ತಗುಲಿದಂತೆಯೇ ಸ್ನಾಯು ಬಿಗಿಯಿತು. ಹಾಗಾಗಿ ಹಸಿ, ಅರೆಮಾಗಿದ ಕಾಯಿ ಅಪಾಯ ತರಬಹುದು, ಪೂರ್ತಿ ಮಾಗಿದ ಹಣ್ಣು ಮಿತವಾಗಿದ್ದರೆ ತೊಂದರೆಯಿಲ್ಲ ಎಂಬುದು ಅವರ ಅಭಿಪ್ರಾಯ. ಹಿರಿಯರ ಮಾತು ಅರ್ಧ ನಿಜವೆನ್ನಬೇಕು!

ಗಿಡಮೂಲಿಕೆಯ ಸಾರವನ್ನು ಹೀಗೆ ಪರೀಕ್ಷಿಸುವಾಗ ಸಾಮಾನ್ಯವಾಗಿ ಮೂರು ಪ್ರಮಾಣಗಳಲ್ಲಿ ಬೇರೆಬೇರೆ ಗುಂಪುಗಳಿಗೆ ಕೊಡುತ್ತಾರೆ. ಹೆರಿಗೆಗೆ ಒಂದು ದಿನ ಮೊದಲೇ ಗರ್ಭಕೋಶ ತೆರೆದು ಸತ್ತ, ಕರಗಿದ ಭ್ರೂಣಗಳನ್ನು ಎಣಿಸುತ್ತಾರೆ. ಉಳಿದವುಗಳ ತೂಕ, ಎಲುಬು ನೋಡುತ್ತಾರೆ. ಇಲಿಯೊಂದೇ ಸಾಲದು, ಮೊಲವೂ ಬೇಕು. 1961ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ಥಾಲಿಡೊಮೈಡ್‌ ಮಾತ್ರೆ ಮನುಷ್ಯರ ಶಿಶುಗಳ ಕೈಕಾಲು ಊನಗೊಳಿಸಿತ್ತು. ಮೊಲದ ಮರಿಗಳಲ್ಲೂ ಆ ದೋಷ ಕಂಡಿತು, ಇಲಿಮರಿಗಳಲ್ಲಿ ಕಾಣಲಿಲ್ಲ.