ಮಾರ್ಪಟ್ಟುದನ್ನು ಮಾತ್ರ ಕಾದಿಡುವ ವಿದ್ಯೆ

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಡ್ಜ್ ನಗರದಲ್ಲಿ ಐಬಿಎಂ ಸಂಸ್ಥೆಯು ನಡೆಸುತ್ತಿದ್ದ ವಿಜ್ಞಾನಕೇಂದ್ರದಲ್ಲಿ, ರಾಬರ್ಟ್ ಕ್ರೀಸಿ ಎಂಬ ವಿದ್ವಾಂಸನ ನೇತೃತ್ವದಲ್ಲಿ ಸಿದ್ಧಗೊಂಡು 1967ರ ಆರಂಭದಲ್ಲಿ ಕಾರ್ಯಪ್ರವೃತ್ತವಾದ ಸಿಪಿ-40 ಎಂಬ ವ್ಯವಸ್ಥೆಯು, ಒಂದೇ ಗಣಕವನ್ನು ಹಲವು ಗಣಕಗಳೆಂಬಂತೆ ತೋರಿಸಿ, ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರವೊಂದು ತನಗೇ ಮೀಸಲಾಗಿದೆಯೆಂಬ ಭಾವವನ್ನು ಉಂಟುಮಾಡಿತು. ವರ್ಚುವಲ್ ಮಷೀನ್ ಎಂದು ಇಂದು ನಾವು ಕರೆಯತಕ್ಕ ವಸ್ತುವಿನ ವಂಶಾವಳಿ ಮೊದಲಾಗುವುದು ಅಲ್ಲಿಂದ. 1972ರಲ್ಲಿ ಪ್ರಕಟವಾದ ವಿಎಂ/370 ವ್ಯವಸ್ಥೆಯಲ್ಲಿ ನಿಜವಾದ ಡಿಸ್ಕೊಂದನ್ನು ಅನೇಕ ಮಿನಿಡಿಸ್ಕುಗಳಾಗಿ ವಿಭಾಗಿಸಿ ಬಳಕೆದಾರರಿಗೆ ಹಂಚುತ್ತಿದ್ದರು. ಪ್ರತಿ ತೆಗೆಯಬೇಕಾದಾಗ ಡಿಡಿಆರ್ ಎಂಬ ಸಾಧನದಿಂದ, ಒಳಗಿರುವ ಬೈಟುಗಳ ಅರ್ಥವೇನೆಂದು ವಿಚಾರಿಸದೆ, ಇದ್ದುದನ್ನು ಇದ್ದಂತೆಯೇ ಟೇಪಿಗೆ ಇಳಿಸುತ್ತಿದ್ದರು. ಯಂತ್ರದ ಒಳಹೊಗದೆ ಹೊರಗೆ ನಿಂತು ಅದರ ಪ್ರತಿಯನ್ನು ತೆಗೆಯುವ ಈ ಕ್ರಮವನ್ನು ಮುಂದಿನ ತಲೆಮಾರಿನವರು ಬಹುಮಟ್ಟಿಗೆ ಮರೆತು, ಮೂರು ದಶಕಗಳ ತರುವಾಯ ಕಷ್ಟಪಟ್ಟು ಪುನಃ ಕಂಡುಕೊಳ್ಳಬೇಕಾಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ಶಿಷ್ಯರು ನಡೆಸಿದ ಸಂಶೋಧನೆಯ ಬೆನ್ನಲ್ಲೇ 1998ರಲ್ಲಿ ವಿಎಂವೇರ್ ಸಂಸ್ಥೆ ಸ್ಥಾಪಿತವಾಗಿ, 2001ರಲ್ಲಿ ಅದರ ಇಎಸ್‌ಎಕ್ಸ್ ಸರ್ವರ್ ಹೊರಬಂದ ಮೇಲೆ, ಬಿಡಿಬಿಡಿಯಾಗಿದ್ದ ಸರ್ವರುಗಳನ್ನೆಲ್ಲ ಒಂದೇ ಪೆಟ್ಟಿಗೆಯೊಳಕ್ಕೆ ತಂದುಕೂಡಿಸುವ ಉತ್ಸಾಹ ಎಲ್ಲೆಡೆಯೂ ಹಬ್ಬಿತು. ಆದರೆ ಬ್ಯಾಕಪ್ಪಿನ ಪದ್ಧತಿ ಮಾತ್ರ ಹಳೆಯದೇ ಉಳಿಯಿತು: ಪ್ರತಿಯೊಂದು ಯಂತ್ರದ ಒಳಗೂ ಒಂದೊಂದು ಏಜೆಂಟ್ ತಂತ್ರಾಂಶ, ಎಲ್ಲಕ್ಕೂ ರಾತ್ರಿಯ ಅದೇ ಮುಹೂರ್ತ. ಪೆಟ್ಟಿಗೆಗಳು ಬೇರೆಬೇರೆಯಾಗಿದ್ದಾಗ ಬಿಡುವಾಗಿದ್ದ ಪ್ರೊಸೆಸರುಗಳು ಆ ಭಾರವನ್ನು ಸದ್ದಿಲ್ಲದೆ ಹೊತ್ತಿದ್ದವು. ಈಗಲಾದರೋ ವಠಾರದ ಇಪ್ಪತ್ತು ಸಂಸಾರಗಳು ಒಂದೇ ಬಾವಿಗೆ ಒಂದೇ ಗಳಿಗೆಯಲ್ಲಿ ಕೊಡ ಇಳಿಬಿಟ್ಟಂತಾಗಿ, ಡಿಸ್ಕು, ಪ್ರೊಸೆಸರು, ಜಾಲ ಮೂರೂ ಏಕಕಾಲದಲ್ಲಿ ಸೊರಗಿ, ರಾತ್ರಿ ಮುಗಿಯಬೇಕಾದ ಕೆಲಸ ಹಗಲಿನ ವ್ಯವಹಾರದೊಳಕ್ಕೆ ಚಾಚತೊಡಗಿತು. ಮಿತವ್ಯಯಕ್ಕೆಂದು ಕೈಗೊಂಡ ಏಕೀಕರಣವೇ ಹೀಗೆ ರಕ್ಷಣೆಗೆ ವಿಘ್ನವಾಯಿತು.

2006ರಲ್ಲಿ ಅದೇ ಸಂಸ್ಥೆ ತಂದ ಕನ್ಸಾಲಿಡೇಟೆಡ್ ಬ್ಯಾಕಪ್ ಎಂಬ ಏರ್ಪಾಡು ಏಜೆಂಟುಗಳ ಕಾರ್ಯವನ್ನು ಒಳಗಿನಿಂದ ಹೊರಕ್ಕೆ ತೆಗೆಯಿತು. ಯಂತ್ರದ ಸ್ನ್ಯಾಪ್‌ಶಾಟ್ ತೆಗೆದೊಡನೆ ಮೂಲ ಡಿಸ್ಕು ಆ ಕ್ಷಣದ ಸ್ಥಿತಿಯಲ್ಲಿ ಸ್ತಬ್ಧವಾಗುತ್ತದೆ. ಹೊಸ ಬರಹಗಳು ಬೇರೊಂದು ಕಡತಕ್ಕೆ ಹೋಗುತ್ತವೆ. ಅಷ್ಟರಲ್ಲಿ ಪ್ರತ್ಯೇಕವಾದ ಸರ್ವರೊಂದು ಸ್ತಬ್ಧವಾದ ಡಿಸ್ಕನ್ನು ನಿರಾತಂಕವಾಗಿ ಓದಿಕೊಳ್ಳಬಹುದು. ಓಡುತ್ತಿರುವ ದತ್ತಾಂಶಕೋಶವನ್ನು ಹೀಗೆ ಹಠಾತ್ತನೆ ನಿಲ್ಲಿಸಿದರೆ ವಿದ್ಯುತ್ತು ಹೋದಾಗ ಉಳಿಯತಕ್ಕ ಸ್ಥಿತಿಯೇ ಪ್ರತಿಯಲ್ಲಿಯೂ ಉಳಿಯುವುದಾದುದರಿಂದ, ವಿಂಡೋಸ್ ಸರ್ವರ್ 2003ರಲ್ಲಿದ್ದ ಶ್ಯಾಡೋ ಕಾಪಿ ಸೇವೆಯಂಥವುಗಳ ನೆರವಿನಿಂದ ತಂತ್ರಾಂಶಗಳಿಗೆ ಮುಂಚಿತವಾಗಿ ಸೂಚನೆಯಿತ್ತು, ಸ್ಮೃತಿಯಲ್ಲಿದ್ದುದನ್ನು ಡಿಸ್ಕಿಗೆ ಬರೆಯಿಸಿ, ಅನಂತರವೇ ನಿಲ್ಲಿಸುವ ಶಿಸ್ತೂ ರೂಢಿಗೆ ಬಂದಿತು. ಇಷ್ಟಾದರೂ ಯಂತ್ರವನ್ನು ಸಮಗ್ರವಾಗಿ ಕಾಪಾಡಬೇಕೆಂದರೆ ಪ್ರತಿಸಲವೂ ಡಿಸ್ಕನ್ನು ಆದ್ಯಂತವಾಗಿ ಓದಬೇಕಾಗಿತ್ತು.

ಈ ಇತಿಹಾಸದಲ್ಲಿ ನನ್ನ ಬುದ್ಧಿಯನ್ನು ಅತಿಶಯವಾಗಿ ಸಂತೋಷಪಡಿಸಿದ ಘಟ್ಟ 2009ರದು. ಡಿಸ್ಕಿನ ಮೇಲಿನ ಪ್ರತಿಯೊಂದು ಬರಹವೂ ವರ್ಚುವಲ್ ಮಷೀನುಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರಿನ ಮೂಲಕವೇ ಹಾದುಹೋಗುತ್ತಿರುವಾಗ, ಬದಲಾದುದು ಯಾವುದೆಂದು ತಿಳಿಯುವುದಕ್ಕಾಗಿ ನೂರು ಗಿಗಾಬೈಟುಗಳನ್ನೂ ತಡಕಾಡುವುದೇಕೆ, ಹಾದುಹೋಗುವಾಗಲೇ ಗುರುತುಹಾಕಿಕೊಂಡರೆ ಸಾಲದೆ, ಎಂಬ ಸರಳವಾದ ವಿಚಾರವು ವಿಎಂವೇರಿನ ವಿಸ್ಫಿಯರ್ 4ರಲ್ಲಿ ಚೇಂಜ್ಡ್ ಬ್ಲಾಕ್ ಟ್ರ್ಯಾಕಿಂಗ್ ಎಂಬ ರೂಪವನ್ನು ತಾಳಿತು. ನೂರು ಗಿಗಾಬೈಟಿನಲ್ಲಿ ಮೂರೇ ಬದಲಾಗಿದ್ದರೆ ಮೂರನ್ನೇ ಓದಿ ಮೂರನ್ನೇ ಕಳಿಸುವುದು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಅಂಥದೇ ಇನ್ನೊಂದು ತಂತ್ರಾಂಶವಾದ ಕ್ಯೂಇಎಂಯುವಿನ ಡರ್ಟಿ ಬಿಟ್‌ಮ್ಯಾಪ್ ಎಂಬುದೂ, ಅದನ್ನವಲಂಬಿಸಿ 2020ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರೂ ಇದೇ ಮಾರ್ಗದವು. ಗುರುತಿನ ಪಟ್ಟಿಯೇ ತಪ್ಪಿದರೆ ಮಾತ್ರ ಗತಿ ಕಠಿನ: 128 ಗಿಗಾಬೈಟಿನ ಗಡಿಯನ್ನು ದಾಟಿ ವಿಸ್ತರಿಸಲಾಗಿದ್ದ ಡಿಸ್ಕುಗಳ ವಿಷಯದಲ್ಲಿ ವಿಎಂವೇರಿನ ಪಟ್ಟಿಯು ಬದಲಾದ ಭಾಗಗಳನ್ನು ತಪ್ಪಾಗಿ ತಿಳಿಸಬಹುದೆಂಬುದು 2014ರಲ್ಲಿ ಬಯಲಾದಾಗ, ನಿಶ್ಚಿಂತೆಯಿಂದಿದ್ದ ಎಷ್ಟೋ ಮಂದಿ ಮತ್ತೊಮ್ಮೆ ಪೂರ್ಣಪ್ರತಿಯನ್ನು ತೆಗೆಯಬೇಕಾಯಿತು.

ಓದುವುದರಲ್ಲಿ ಈ ಉಳಿತಾಯವಾದರೆ, ಸಂಗ್ರಹಿಸುವುದರಲ್ಲಿ ಇನ್ನೊಂದು. ಬೆಲ್ ಪ್ರಯೋಗಾಲಯದ ಶಾನ್ ಕ್ವಿನ್ಲನ್ ಮತ್ತು ಶಾನ್ ಡಾರ್ವರ್ಡ್ 2002ರಲ್ಲಿ ಪ್ರಕಟಿಸಿದ ವೆಂಟಿ ಎಂಬ ಭಂಡಾರದಲ್ಲಿ ದತ್ತಾಂಶದ ಪ್ರತಿಯೊಂದು ಖಂಡದ ವಿಳಾಸವೂ ಅದರ ಒಳಗಿರುವ ಬೈಟುಗಳಿಂದಲೇ ಗಣಿಸಿದ 160 ಬಿಟ್ಟುಗಳ ಮುದ್ರೆಯಾಗಿತ್ತು. ಅದೇ ಖಂಡ ಪುನಃ ಬಂದರೆ ಪುನಃ ಬರೆಯುವ ಪ್ರಶ್ನೆಯೇ ಇರಲಿಲ್ಲ. ಒಂದೇ ಅಚ್ಚಿನಿಂದ ಹುಟ್ಟಿ ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಹೊತ್ತಿರುವ ವರ್ಚುವಲ್ ಮಷೀನುಗಳಿಗೆ ಈ ಯುಕ್ತಿ ಎಷ್ಟು ಒಪ್ಪುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಇಪ್ಪತ್ತು ಯಂತ್ರಗಳು ಆಶ್ರಯಿಸಿರುವ ಒಂದೇ ಖಂಡ ಕೆಟ್ಟರೆ ಇಪ್ಪತ್ತೂ ಕೆಡುವುವು. ಆದಕಾರಣ ಇಂತಹ ಭಂಡಾರದ ಎರಡನೆಯ ಪ್ರತಿಯೊಂದು ದೂರದ ಬೇರೊಂದು ಸ್ಥಳದಲ್ಲಿ ಇರಲೇಬೇಕು.

ಇಷ್ಟೆಲ್ಲ ಸಾಧನಗಳು ಬಳಕೆಗೆ ಬಂದಿದ್ದ ಕಾಲದಲ್ಲಿಯೇ, 2017ರ ಜನವರಿ 31ರಂದು, ತಂತ್ರಾಂಶಗಳ ಸಂಕೇತಗಳನ್ನು ಕಾದಿಡುವ ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ದತ್ತಾಂಶಕೋಶವು ಪ್ರಮಾದವಶಾತ್ ಅಳಿಸಿಹೋಯಿತು. ದಿನವಹಿ ಪ್ರತಿ ತೆಗೆಯಬೇಕಿದ್ದ ತಂತ್ರಾಂಶದ ಆವೃತ್ತಿ ದತ್ತಾಂಶಕೋಶದ ಆವೃತ್ತಿಗೆ ಹೊಂದದೆ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಇಮೇಲುಗಳು ತಿರಸ್ಕೃತವಾಗುತ್ತಿದ್ದವು. ಡಿಸ್ಕುಗಳ ಸ್ನ್ಯಾಪ್‌ಶಾಟ್ ಸೌಕರ್ಯವು ದತ್ತಾಂಶಕೋಶದ ಸರ್ವರುಗಳಿಗೆ ಅನ್ವಯಿಸಿರಲಿಲ್ಲ. ಅನ್ಯಕಾರ್ಯಕ್ಕಾಗಿ ಎಂಜಿನಿಯರೊಬ್ಬನು ಸುಮಾರು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟೊಂದು ಇದ್ದುದರಿಂದ ಸಂಸ್ಥೆ ಉಳಿಯಿತು. ನಡೆದುದೆಲ್ಲವನ್ನೂ ಮರೆಮಾಚದೆ ಅದು ಲೋಕಕ್ಕೆ ತಿಳಿಸಿದ್ದು ಈ ವೃತ್ತಿಗೆ ಮಾಡಿದ ದೊಡ್ಡ ಉಪಕಾರ.

ಆ ಘಟನೆಗಿಂತ ಮೊದಲೇ, 2010ರಲ್ಲಿ, ವೀಮ್ ಎಂಬ ಸಂಸ್ಥೆಯು ಬ್ಯಾಕಪ್ಪಿನಿಂದಲೇ ಯಂತ್ರವನ್ನು ಪ್ರತ್ಯೇಕವಾದ ಜಾಲವೊಂದರಲ್ಲಿ ಎಬ್ಬಿಸಿ, ಅದು ಸರಿಯಾಗಿ ಏಳುವುದೋ ಇಲ್ಲವೋ ಎಂಬುದನ್ನು ಸ್ವಯಂಚಾಲಿತವಾಗಿ ಪರೀಕ್ಷಿಸುವ ಸೌಲಭ್ಯವನ್ನು ತಂದಿತ್ತು. ಕಾಲವನ್ನೂ ಸ್ಥಳವನ್ನೂ ಉಳಿಸಿದ ಉಪಾಯಗಳಿಗಿಂತ ಇದನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಇಂಥ ಯಂತ್ರಗಳನ್ನು ಪಾಲಿಸುವ ಹೊಣೆ ಹೊತ್ತ ಓದುಗರು ತಿಂಗಳಿಗೊಂದನ್ನಾದರೂ ಪ್ರತಿಯಿಂದ ಎಬ್ಬಿಸಿ ನೋಡಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇನೆ.